ಲೇಸರ್ ಕಿರಣದ ನಟ್ಟನಡುವೆ ಕತ್ತಲೆ ಏಕೆ?

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಕೆಲವು ಲೇಸರ್ ಕಿರಣಗಳ ನಟ್ಟನಡುವೆ ಬೆಳಕೇ ಇರುವುದಿಲ್ಲವೆಂದು ನಮ್ಮ ಮೇಷ್ಟ್ರು ಹೇಳಿದರು. ಅದು ಯಾವುದಾದರೂ ಅಡ್ಡಿಯ ನೆರಳೇ? ಅದರಿಂದ ಏನು ಉಪಯೋಗ?
– ಓದುಗರೊಬ್ಬರು, ಮಂಡ್ಯ

ಉತ್ತರ: ನೆರಳಲ್ಲ. ಧೂಳಿನ ಕಣದ ನೆರಳಾಗಿದ್ದರೆ, ಕಿರಣ ಮುಂದೆ ಸಾಗಿದಂತೆ ವಿವರ್ತನೆಯಿಂದ, ಅಂದರೆ ಅಡ್ಡಿಯ ಅಂಚಿನಲ್ಲಿ ಬೆಳಕು ಬಾಗಿ ಹರಡುವುದರಿಂದ, ಬೆಳಕು ತುಂಬಿಕೊಂಡು ಅಳಿಸಿಹೋಗುತ್ತಿತ್ತು. ಈ ಕತ್ತಲೆಯಾದರೋ ಕಿರಣ ಎಷ್ಟು ದೂರ ಹೋದರೂ ಉಳಿಯುತ್ತದೆ. ಇಂತಹ ಕಿರಣದಲ್ಲಿ ನಡುಬಿಂದುವನ್ನು ಒಂದು ಸುತ್ತು ಬಳಸಿ ಬಂದರೆ ತರಂಗದ ಪ್ರಾವಸ್ಥೆ (ಫೇಸ್), ಅಂದರೆ ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎಂಬುದರ ಅಳತೆ, ಶೂನ್ಯದಿಂದ 360 ಡಿಗ್ರಿಯವರೆಗೆ ಏರಿರುತ್ತದೆ. ಮಗುವಿನ ನೆತ್ತಿಯ ಸುಳಿಯ ನಡುವೆ ಕೂದಲು ಯಾವ ಕಡೆಗೆ ಬಾಗಿದೆಯೆಂದು ಹೇಳಲಾಗದಂತೆ, ನಡುಬಿಂದುವಿನಲ್ಲಿ ಪ್ರಾವಸ್ಥೆ ಎಷ್ಟೆಂದು ಹೇಳಲಾಗದು. ಹಾಗಾದಲ್ಲಿ ತರಂಗದ ಪಾರ, ಅಂದರೆ ಅದರ ಏರಿಳಿತದ ಎತ್ತರ, ಶೂನ್ಯವಾಗಲೇಬೇಕು; ಅದಕ್ಕೇ ಅಲ್ಲಿ ಕತ್ತಲೆ. ಇದೇ ಸಿಂಗ್ಯುಲಾರಿಟಿ. ತರಂಗಗಳಲ್ಲಿನ ಇಂತಹ ತಾಣಗಳನ್ನು ಭೌತವಿಜ್ಞಾನಿಗಳಾದ ನೈ ಮತ್ತು ಬೆರಿ 1974ರಲ್ಲಿ ವಿವರಿಸಿದರು. ಇಂತಹ ಕಿರಣವು ಕಕ್ಷೀಯ ಕೋನೀಯ ಸಂವೇಗವನ್ನೂ, ಅಂದರೆ ತಾಗಿದ್ದನ್ನು ತಿರುಗಿಸಬಲ್ಲ ಗುಣವನ್ನೂ, ಹೊತ್ತಿರುತ್ತದೆಂದು ಭೌತವಿಜ್ಞಾನಿ ಆಲೆನ್ ಮತ್ತು ಸಂಗಡಿಗರು 1992ರಲ್ಲಿ ತೋರಿಸಿದ್ದರಿಂದ, ನೀರಿನಲ್ಲಿರುವ ಸೂಕ್ಷ್ಮ ಕಣಗಳನ್ನು ಬೆಳಕಿನಿಂದಲೇ ತಿರುಗಿಸುವ ದಾರಿ ತೆರೆಯಿತು.

ಆದರೆ ಅತ್ಯಂತ ಸೊಗಸಾದ ಉಪಯೋಗ ಸೂಕ್ಷ್ಮದರ್ಶಕದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯ ಮಸೂರಗಳಿಂದ ಬೆಳಕಿನ ಚುಕ್ಕೆಯನ್ನು ಸುಮಾರು 200 ನ್ಯಾನೋಮೀಟರಿಗಿಂತ ಕಿರಿದಾಗಿಸುವುದು ಕಷ್ಟ. ಭೌತವಿಜ್ಞಾನಿ ಸ್ಟೀಫನ್ ಹೆಲ್ ಅವರ ‘ಸ್ಟೆಡ್’ ವಿಧಾನದಲ್ಲಿ ಮೊದಲ ಕಿರಣವು ಅಣುಗಳನ್ನು ಹೊಳೆಯಲು ಸಜ್ಜುಗೊಳಿಸುತ್ತದೆ. ಉಂಗುರದಾಕಾರದ ಎರಡನೆಯ ಕಿರಣವು ಸುತ್ತಲಿನ ಅಣುಗಳನ್ನು ಹೊಳೆಯದಂತೆ ನಂದಿಸಿಬಿಡುವುದರಿಂದ ನಟ್ಟನಡುವಿನ ಕತ್ತಲಲ್ಲಿರುವವು ಮಾತ್ರ ಹೊಳೆಯುತ್ತವೆ. ಉಂಗುರದ ತೀವ್ರತೆ ಹೆಚ್ಚಿದಷ್ಟೂ ಹೊಳೆಯುವ ಜಾಗ ಕಿರಿದಾಗುತ್ತ 50 ನ್ಯಾನೋಮೀಟರಿಗಿಂತಲೂ ಕೆಳಗಿಳಿಯಬಲ್ಲದು. ನಡುವೆ ತುಸು ಬೆಳಕು ಸೋರಿದರೂ ಹೊಳೆಯಬೇಕಾದ ಅಣುಗಳೇ ಮಂಕಾಗುತ್ತವೆಯಾದ್ದರಿಂದ ಇಲ್ಲಿ ಬೇಕಿರುವುದು ನಿಜವಾದ ಶೂನ್ಯ. ಹೆಲ್ ಅವರು 2014ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಂದಿಗೆ ಹಂಚಿಕೊಂಡರು.

ಇಂತಹ ಕಿರಣಗಳನ್ನು ಉಂಟುಮಾಡುವ ಕೆಲವು ದ್ರವಸ್ಫಟಿಕ ಫಲಕಗಳು ಭಾರತೀಯ ಭೌತವಿಜ್ಞಾನಿ ಎಸ್. ಪಂಚರತ್ನಂ 1956ರಲ್ಲಿ ವಿವರಿಸಿದ ಜ್ಯಾಮಿತೀಯ ಪ್ರಾವಸ್ಥೆಯನ್ನೇ, ಅಂದರೆ ಬೆಳಕಿನ ಕಂಪನದ ದಿಕ್ಕು ಬದಲಾಗುವ ಬಗೆಯಿಂದ ಉಂಟಾಗುವ ಪ್ರಾವಸ್ಥೆಯನ್ನೇ, ಬಳಸುತ್ತವೆ. ಅವರು 1960ರ ದಶಕದ ಆರಂಭದಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕೆಲಕಾಲ ಅಧ್ಯಾಪಕರಾಗಿದ್ದರು. ನಮ್ಮ ಸೀಮೆಯಲ್ಲಿ ಅವರ ಹೆಸರು ಇನ್ನಷ್ಟು ಕೇಳಿಬರಬೇಕಿತ್ತು.

ನಿಮ್ಮ ಕಾಲೇಜಿನಲ್ಲೇ ಇದನ್ನು ನೋಡಬಹುದು. ನಡುವಿನ ಒಂದು ಗೆರೆ ಎರಡಾಗಿ ಕವಲೊಡೆದಿರುವ ಸಮಾನಾಂತರ ಗೆರೆಗಳ ಚಿತ್ರವನ್ನು ಪಾರದರ್ಶಕ ಹಾಳೆಯ ಮೇಲೆ ಸಾಧ್ಯವಾದಷ್ಟು ಒತ್ತಾಗಿ ಮುದ್ರಿಸಿ, ಕವಲಿಗೆ ಸರಿಯಾಗಿ ಲೇಸರ್ ಹಾಯಿಸಿದರೆ, ಕೆಲವು ಮೀಟರ್ ದೂರದ ಗೋಡೆಯ ಮೇಲೆ ನಡುಚುಕ್ಕೆಯ ಎರಡೂ ಬದಿಗೆ ಪುಟ್ಟ ಉಂಗುರಗಳು ಮೂಡುತ್ತವೆ. ಉಂಗುರ ಒಂದು ಪಕ್ಕಕ್ಕೆ ದಪ್ಪವಾಗಿ ಕಂಡರೆ ಕಿರಣ ಕವಲಿನಿಂದ ಸರಿದಿದೆಯೆಂದು ತಿಳಿದು ಹಾಳೆಯನ್ನು ಕೂದಲೆಳೆಯಷ್ಟು ಜರುಗಿಸಿ. ಕಿರಣವಾಗಲಿ ಅದರ ಪ್ರತಿಫಲನವಾಗಲಿ ಯಾರ ಕಣ್ಣಿಗೂ ಬೀಳದಂತೆ ಎಚ್ಚರವಹಿಸಿ.