ಜೈಲಿಗೆ ಹಾಕೋದು ಬಿಟ್ರೆ ಬೇರೆ ಶಿಕ್ಷೆನೇ ಇಲ್ವಾ?

ಇದೆ, ನಮ್ಮ ಕಾನೂನಲ್ಲೇ ಇದೆ, ಆದ್ರೆ ನಮ್ಗೆ ಶಿಕ್ಷೆ ಅಂದ್ ತಕ್ಷಣ ಪರಪ್ಪನ ಅಗ್ರಹಾರ ಬಿಟ್ಟು ಬೇರೇನೂ ನೆನಪಿಗೆ ಬರಲ್ಲ ಅಷ್ಟೆ.

1958ರ ಪ್ರೊಬೇಷನ್ ಕಾಯ್ದೆ ಪ್ರಕಾರ ತಪ್ಪು ಸಾಬೀತಾದ್ರೂ ಜಡ್ಜು ಜೈಲಿಗೆ ಕಳಿಸ್ದೆ, ಮೂರು ವರ್ಷದವರೆಗೆ ಸರಿಯಾಗಿರ್ತೀನಿ ಅಂತ ಬಾಂಡ್ ಬರೆಸ್ಕೊಂಡು ಬಿಡಬಹುದು, ಮರಣದಂಡನೆ ಅಥವಾ ಜೀವಾವಧಿ ಆಗೋ ಅಪರಾಧಕ್ಕೆ ಮಾತ್ರ ಇದಿಲ್ಲ. ಇನ್ನು 2024ರ ಜುಲೈ 1ರಿಂದ ಬಂದಿರೋ ಭಾರತೀಯ ನ್ಯಾಯ ಸಂಹಿತೆಲಿ ಸಮುದಾಯ ಸೇವೆನೂ ಒಂದು ಶಿಕ್ಷೆ: 5,000 ರೂಪಾಯಿಗಿಂತ ಕಮ್ಮಿ ಬೆಲೆದು ಕದ್ದು ಮೊದಲನೇ ಸಲ ಸಿಕ್ಕಿಬಿದ್ದು ಮಾಲು ವಾಪಸ್ ಕೊಟ್ರೆ ಅವ್ನಿಗೆ ಸಂಬಳ ಇಲ್ದೆ ಊರಿನ ಕೆಲಸ ಮಾಡಿಸ್ತಾರೆ. ಕುಡಿದು ರಸ್ತೆಲಿ ಗಲಾಟೆ ಮಾಡೋರಿಗೂ ಇದೇ ಕೊಡಬಹುದು, ನಮ್ಮ ಏರಿಯಾಲಿ ಶನಿವಾರ ರಾತ್ರಿ ಒಬ್ಬೊಬ್ರಿಗೂ ಪೊರಕೆ ಕೊಡಬೇಕು ಅನ್ಸುತ್ತೆ ನಂಗೆ.

ದೊಡ್ಡ ಅಪರಾಧಕ್ಕೆ ಇದ್ಯಾವ್ದೂ ಆಗಲ್ಲ, ಒಪ್ತೀನಿ. ಆದ್ರೂ ವರ್ಷಾನುಗಟ್ಲೆ ಒಳಗಿದ್ದು ಸರಿಯಾಗಿ ನಡ್ಕೊಂಡೋರಿಗೆ ಬಯಲು ಬಂದೀಖಾನೆ ಇದೆ, ಅಂದ್ರೆ ಕಾವಲು ಕಮ್ಮಿ ಇರೋ ಓಪನ್ ಜೈಲು, ನಮ್ಮದು ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ (ಪಬ್ ಇರೋ ಕೋರಮಂಗಲ ಅಲ್ಲ ಮಾರಾಯ್ರೆ!). ರಾಜಸ್ಥಾನದ ಸಾಂಗಾನೇರ್‌ನಲ್ಲಂತೂ ಕೈದಿಗಳು ಹೆಂಡ್ತಿ ಮಕ್ಕಳ ಜೊತೆ ಇದ್ಕೊಂಡು ಬೆಳಿಗ್ಗೆ ಹೊರಗೆ ದುಡಿಯಕ್ಕೆ ಹೋಗಿ ಸಂಜೆ ಹಾಜರಿಗೆ ವಾಪಸ್ ಬರ್ತಾರೆ, ಕೊಲೆ ಕೇಸಿನೋರೂ ಸೇರಿ.

ನನ್ ಕೇಳಿದ್ರೆ ಮೊದಲು ಸರಿ ಮಾಡ್ಬೇಕಾಗಿರೋದು ಬೇರೆನೇ, ನಮ್ಮ ದೇಶದ ಜೈಲಲ್ಲಿರೋರಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಭಾಗ ವಿಚಾರಣಾಧೀನ ಕೈದಿಗಳು, ಅಂದ್ರೆ ಶಿಕ್ಷೆ ಇನ್ನೂ ಆಗೇ ಇಲ್ಲ.