ಹಿಮದ ರಸ್ತೆ, ಏರುವ ಬಿಲ್ಲು: ಜರ್ಮನಿಯಲ್ಲಿ ಕಾರು ಇಟ್ಟವರ ಪ್ರಶ್ನೆಗಳಿಗೆ ಉತ್ತರ

ಜರ್ಮನಿಯಲ್ಲಿ ನೆಲೆಸಿರುವ ಓದುಗರಿಂದ ಬಂದ ಪತ್ರಗಳಲ್ಲಿ ಈ ಸಲ ಎರಡೇ ವಿಷಯಗಳು ಮತ್ತೆ ಮತ್ತೆ ಕಾಣಿಸಿಕೊಂಡಿವೆ: ಚಳಿಗಾಲದಲ್ಲಿ ಕಾರು ಓಡಿಸುವವರ ಮೇಲೆ ಕಾನೂನು ಹೊರಿಸುವ ಹೊಣೆ, ಮತ್ತು ಕಾರು ಇಟ್ಟುಕೊಳ್ಳಲು ವರ್ಷದಿಂದ ವರ್ಷಕ್ಕೆ ಏರುತ್ತಿರುವ ಖರ್ಚು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ (ಸ್ಟುಟ್‌ಗಾರ್ಟ್‌ನ ಓದುಗರೊಬ್ಬರಿಂದ): ಅಕ್ಟೋಬರ್‌ನಿಂದ ಈಸ್ಟರ್‌ವರೆಗೆ ವಿಂಟರ್ ಟೈರ್ ಕಡ್ಡಾಯವೆಂದು ಕಚೇರಿಯ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಅಂಥ ಯಾವ ದಿನಾಂಕವೂ ಕಾನೂನಿನಲ್ಲಿಲ್ಲವೆಂದು ಇನ್ನೊಬ್ಬರು ಹೇಳುತ್ತಾರೆ. ನನ್ನ ಹಳೆಯ ಕಾರಿನ ಟೈರುಗಳ ಮೇಲೆ ‘ಎಂ ಪ್ಲಸ್ ಎಸ್’ (ಕೆಸರು ಮತ್ತು ಹಿಮ) ಗುರುತು ಇದೆ. ಇನ್ನೊಂದು ಚಳಿಗಾಲಕ್ಕೆ ಅವು ಸಾಕಾಗುವುದಿಲ್ಲವೇ?

ಉತ್ತರ: ಕಾನೂನಿನ ಮಟ್ಟಿಗೆ ನಿಮ್ಮ ಎರಡನೆಯ ಸಹೋದ್ಯೋಗಿಯ ಮಾತು ಸರಿ, ನಡವಳಿಕೆಯ ಮಟ್ಟಿಗೆ ಮೊದಲನೆಯವರ ಮಾತನ್ನು ಪಾಲಿಸುವುದು ಲೇಸು. ಜರ್ಮನಿಯ ರಸ್ತೆ ಸಂಚಾರ ನಿಯಮಾವಳಿ ಕ್ಯಾಲೆಂಡರನ್ನು ನೋಡುವುದಿಲ್ಲ, ರಸ್ತೆಯನ್ನು ನೋಡುತ್ತದೆ. ರಸ್ತೆಯ ಮೇಲೆ ಮಂಜುಗಡ್ಡೆ, ತುಳಿತಕ್ಕೆ ಸಿಕ್ಕಿ ಜಾರುವ ಹಿಮ, ಕೆಸರಿನಂತಾದ ಹಿಮ ಅಥವಾ ಹೆಪ್ಪುಗಟ್ಟಿದ ಇಬ್ಬನಿಯಿಂದ ಜಾರಿಕೆ ಉಂಟಾಗಿದ್ದರೆ, ಅಂಥ ಸ್ಥಿತಿಗೆ ತಕ್ಕ ಟೈರುಗಳಿಲ್ಲದ ಕಾರನ್ನು ಓಡಿಸುವಂತಿಲ್ಲ. ಹೀಗಾಗಿ ಜನವರಿಯ ಒಣ ಹಗಲಿನಲ್ಲಿ ಬೇಸಿಗೆಯ ಟೈರಿನಲ್ಲಿ ಹೋದವರು ತಪ್ಪಿತಸ್ಥರಾಗುವುದಿಲ್ಲ. ಏಪ್ರಿಲ್ ಕೊನೆಯಲ್ಲಿ ಅನಿರೀಕ್ಷಿತವಾಗಿ ಹಿಮ ಬಿದ್ದ ಮುಂಜಾನೆ ಅದೇ ಟೈರಿನಲ್ಲಿ ಹೊರಟವರು ತಪ್ಪಿತಸ್ಥರಾಗುತ್ತಾರೆ. ನಿಯಮವು ಓಡುವ ಕಾರಿಗೆ ಅನ್ವಯಿಸುತ್ತದೆಯೇ ಹೊರತು ರಸ್ತೆಬದಿಯಲ್ಲಿ ನಿಲ್ಲಿಸಿಟ್ಟ ಕಾರಿಗಲ್ಲ.

ನಿಮ್ಮ ಟೈರುಗಳ ವಿಷಯದಲ್ಲಿ ಉತ್ತರ ನಿರಾಶಾದಾಯಕವಾಗಿದೆ. 2018ರ ಜನವರಿ 1ರಿಂದ ತಯಾರಾದ ಟೈರುಗಳಿಗೆ ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳು ಇರುವ ಚಿಹ್ನೆ ಇರಲೇಬೇಕೆಂದು ನಿಯಮವಾಯಿತು. ಅದಕ್ಕೂ ಹಿಂದಿನ, ‘ಎಂ ಪ್ಲಸ್ ಎಸ್’ ಗುರುತು ಮಾತ್ರ ಇದ್ದ ಟೈರುಗಳಿಗೆ ಕೊಟ್ಟಿದ್ದ ವಿನಾಯಿತಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿದಿದೆ. ಹಳೆಯ ಗುರುತನ್ನು ತಯಾರಕರು ಯಾವುದೇ ಪರೀಕ್ಷೆಯ ಹಂಗಿಲ್ಲದೆ ತಾವಾಗಿಯೇ ಅಚ್ಚು ಹಾಕಿಕೊಳ್ಳಬಹುದಾಗಿತ್ತು. ಬೆಟ್ಟದ ಚಿಹ್ನೆ ಸಿಗಬೇಕಾದರೆ ಹಿಮದ ಮೇಲಿನ ಹಿಡಿತವನ್ನು ನಿಗದಿತ ಪರೀಕ್ಷೆಯಲ್ಲಿ ತೋರಿಸಬೇಕು. ಆ ಚಿಹ್ನೆಯಿರುವ ಆಲ್‌ಸೀಸನ್ ಟೈರುಗಳಿಗೂ ಕಾನೂನಿನ ಮಾನ್ಯತೆಯಿದೆ. ಬಯಲು ಸೀಮೆಯ ನಗರಗಳಲ್ಲೇ ಓಡಾಡುವವರಿಗೆ ಅವು ಸಾಕು. ಆಲ್ಪ್ಸ್ ತಪ್ಪಲಿನಲ್ಲೋ ಕಪ್ಪು ಅರಣ್ಯದ ಎತ್ತರದ ಊರುಗಳಲ್ಲೋ ಇರುವವರು ನಿಜವಾದ ವಿಂಟರ್ ಟೈರುಗಳನ್ನೇ ಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ತಕ್ಕ ಟೈರಿಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ ಮತ್ತು ಚಾಲಕರ ತಪ್ಪುಗಳನ್ನು ಬರೆದಿಡುವ ಫ್ಲೆನ್ಸ್‌ಬುರ್ಗ್‌ನ ಕೇಂದ್ರ ದಾಖಲೆಯಲ್ಲಿ ಒಂದು ದಂಡನಾ ಅಂಕ. ನಿಮ್ಮ ಕಾರು ಜಾರಿ ನಿಂತು ಇತರರ ದಾರಿಗೆ ಅಡ್ಡವಾದರೆ 80, ಇತರರಿಗೆ ಅಪಾಯ ಒದಗಿದರೆ 100, ಅಪಘಾತವೇ ಆದರೆ 120 ಯೂರೋ. ಅಂಥ ಕಾರನ್ನು ಗೆಳೆಯರಿಗೆ ಓಡಿಸಲು ಕೊಟ್ಟ ಮಾಲೀಕರಿಗೂ 75 ಯೂರೋ ದಂಡ ಮತ್ತು ಒಂದು ಅಂಕ ಉಂಟೆಂಬುದನ್ನು ಬಹಳಷ್ಟು ಜನ ಗಮನಿಸಿರುವುದಿಲ್ಲ. ಎಂಟು ಅಂಕಗಳಾದರೆ ಲೈಸೆನ್ಸ್ ಹೋಗುತ್ತದೆ. ಆದರೆ ಈ ದಂಡಕ್ಕಿಂತ ದೊಡ್ಡ ಪೆಟ್ಟು ವಿಮೆಯಿಂದ ಬರಬಹುದು. ಎದುರಿನವರ ನಷ್ಟವನ್ನು ನಿಮ್ಮ ಕಡ್ಡಾಯ ವಿಮೆಯೇ ಭರಿಸುತ್ತದೆ. ನಿಮ್ಮದೇ ಕಾರಿನ ರಿಪೇರಿಗೆ ಪೂರ್ಣ ವಿಮೆಯಿಂದ ಹಣ ಕೇಳಿದಾಗ ಮಾತ್ರ, ಹಿಮದಲ್ಲಿ ಬೇಸಿಗೆಯ ಟೈರಿನೊಡನೆ ಹೊರಟದ್ದು ಘೋರ ನಿರ್ಲಕ್ಷ್ಯವೆಂದು ವಾದಿಸಿ ಕಂಪನಿಯು ಮೊತ್ತವನ್ನು ಕಡಿತಗೊಳಿಸಬಹುದು.

ಹೊಸ ಟೈರುಗಳನ್ನು ಕೊಂಡ ಮೇಲೆ ಟ್ರೆಡ್ಡಿನ, ಅಂದರೆ ಟೈರಿನ ಮೇಲ್ಮೈಯ ಗೀರುಗಳ, ಆಳದ ಕಡೆಗೂ ಕಣ್ಣಿರಲಿ. ಕಾನೂನು ಕೇಳುವುದು 1.6 ಮಿಲಿಮೀಟರ್ ಮಾತ್ರ, ಆದರೆ ಹಿಮದಲ್ಲಿ 4 ಮಿಲಿಮೀಟರಿಗಿಂತ ಕಡಿಮೆಯಾದ ಟೈರನ್ನು ನಂಬಬೇಡಿರೆಂದು ವಾಹನ ಸವಾರರ ಸಂಘವಾದ ಎಡಿಎಸಿ ಹೇಳುತ್ತ ಬಂದಿದೆ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಸೂಚಿಸುತ್ತವೆ. ಸೆಕೆಂಡ್ ಹ್ಯಾಂಡ್ ಟೈರು ಕೊಳ್ಳುವವರು ಬೆಲೆ ಕೇಳುವ ಮೊದಲು ಈ ಅಂಕಿಗಳನ್ನು ಓದಬೇಕು, ಏಕೆಂದರೆ ವರ್ಷಗಳು ಕಳೆದಂತೆ ರಬ್ಬರು ಗಡಸಾಗಿ, ಟ್ರೆಡ್ ಚೆನ್ನಾಗಿ ಕಂಡರೂ ಚಳಿಯಲ್ಲಿ ಹಿಡಿತ ಕಡಿಮೆಯಾಗುತ್ತದೆ.

ಪ್ರಶ್ನೆ (ಲೈಪ್‌ಜಿಗ್‌ನಿಂದ): ಬೆಳಗ್ಗೆ ಗಾಜಿನ ಮೇಲೆ ಕಟ್ಟಿದ ಮಂಜನ್ನು ಕೆರೆಯುವಾಗ ಎಂಜಿನ್ ಚಾಲೂ ಮಾಡಿಡುತ್ತೇನೆ. ಅದು ತಪ್ಪೆಂದು ನೆರೆಮನೆಯವರು ಗದರಿದರು. ಬಿಸಿನೀರು ಸುರಿಯಬಹುದೇ?

ಉತ್ತರ: ನೆರೆಮನೆಯವರು ಹೇಳಿದ್ದು ನಿಜ. ಅನಗತ್ಯವಾಗಿ ಎಂಜಿನ್ ಓಡಿಸಿ ಹೊಗೆ ಮತ್ತು ಸದ್ದು ಎಬ್ಬಿಸುವುದಕ್ಕೆ 2021ರ ನವೆಂಬರ್‌ನಿಂದ 80 ಯೂರೋ ದಂಡವಿದೆ. ಬಿಸಿನೀರು ಸುರಿದರೆ ತಾಪದ ಹಠಾತ್ ಏರಿಕೆಯಿಂದ ಗಾಜು ಬಿರುಕು ಬಿಡಬಹುದು, ಅದನ್ನು ಮಾಡಲೇಬೇಡಿ. ಹಿಂದಿನ ರಾತ್ರಿಯೇ ಗಾಜಿಗೆ ಹೊದಿಕೆ ಹಾಕುವುದು ಅಗ್ಗದ ಮತ್ತು ಸರಳ ಉಪಾಯ. ಮುಂದಿನ ಗಾಜಿನಲ್ಲಿ ಕಿಂಡಿಯಷ್ಟು ಜಾಗ ಕೆರೆದುಕೊಂಡು ಹೊರಡುವುದೂ ಅಪರಾಧವೇ. ದಂಡ ಹತ್ತು ಯೂರೋ ಎಂದು ನಗಬೇಡಿ, ಕಾಣದೆ ಯಾರಿಗಾದರೂ ಗುದ್ದಿದರೆ ಆ ಕಿಂಡಿಯ ಕಥೆ ವಿಮಾ ಕಂಪನಿಯ ಕಡತಕ್ಕೆ ಹೋಗುತ್ತದೆ. ಛಾವಣಿಯ ಮೇಲಿನ ಹಿಮವನ್ನೂ ಗುಡಿಸಿ ಹಾಕಿರಿ, ಬ್ರೇಕ್ ಹಾಕಿದಾಗ ಅದು ನಿಮ್ಮ ಗಾಜಿನ ಮೇಲೋ ಹಿಂದಿನವರ ಗಾಜಿನ ಮೇಲೋ ಕುಸಿಯುತ್ತದೆ. ದೀಪಗಳೂ ನಂಬರ್ ಪ್ಲೇಟೂ ಕಾಣುವಂತಿರಬೇಕು.

ಬ್ಯಾಟರಿಯ ಬಗ್ಗೆ ನೀವು ಕೇಳಿಲ್ಲವಾದರೂ ಒಂದು ಮಾತು. ಎಡಿಎಸಿ ಸಂಸ್ಥೆಯ ದಾಖಲೆಗಳಲ್ಲಿ ದಾರಿಯಲ್ಲಿ ಕೆಟ್ಟು ನಿಂತ ಕಾರುಗಳ ಪೈಕಿ ಐದರಲ್ಲಿ ಎರಡಕ್ಕಿಂತ ಹೆಚ್ಚಿನವಕ್ಕೆ ಸ್ಟಾರ್ಟರ್ ಬ್ಯಾಟರಿಯೇ ಕಾರಣ. ಚಿಕ್ಕ ಚಿಕ್ಕ ಓಡಾಟಗಳಿಗಷ್ಟೇ ಕಾರು ತೆಗೆಯುವವರು ಚಳಿಗೆ ಮುನ್ನ ಅದನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ (ಮ್ಯೂನಿಕ್‌ನ ದಂಪತಿಗಳಿಂದ): ಕ್ರಿಸ್‌ಮಸ್ ರಜೆಯಲ್ಲಿ ಬಾಡಿಗೆ ಕಾರಿನಲ್ಲಿ ಆಸ್ಟ್ರಿಯಾ ದಾಟಿ ಇಟಲಿಗೆ ಹೋಗಬೇಕೆಂದಿದ್ದೇವೆ. ಜರ್ಮನಿಯ ನಿಯಮ ಪಾಲಿಸಿದರೆ ಸಾಕೇ?

ಉತ್ತರ: ಸಾಲದು. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಹಿಮದ ರಸ್ತೆಯಲ್ಲಿ ವಿಂಟರ್ ಟೈರ್ ಕಡ್ಡಾಯ. ಅಲ್ಲಿ ಟ್ರೆಡ್ 4 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಆ ಟೈರನ್ನು ವಿಂಟರ್ ಟೈರೆಂದು ಪರಿಗಣಿಸುವುದೇ ಇಲ್ಲ. ಜರ್ಮನಿಯಲ್ಲಿ ಸಲಹೆಯಾಗಿರುವುದು ಗಡಿಯಾಚೆ ಕಾನೂನಾಗುತ್ತದೆ. ಬ್ರೆನ್ನರ್ ಕಣಿವೆ ಇಳಿದು ಇಟಲಿಯ ಎ22 ಹೆದ್ದಾರಿ ಸೇರಿದ ಮೇಲೆ, ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ವಿಂಟರ್ ಟೈರ್ ಅಥವಾ ಹಿಮದ ಸರಪಳಿ ಕಾರಿನಲ್ಲಿರಬೇಕು. ಟೈರು ತಪ್ಪಾಗಿದ್ದರೆ ಉತ್ತರ ಕೊಡಬೇಕಾದವರು ಚಾಲಕರಾದ್ದರಿಂದ, ‘ಬಾಡಿಗೆಯವರು ಕೊಟ್ಟದ್ದು’ ಎಂಬ ಸಮಜಾಯಿಷಿ ಪೊಲೀಸರ ಮುಂದೆ ನಡೆಯುವುದಿಲ್ಲ. ಕೆಲವು ಬಾಡಿಗೆ ಕಂಪನಿಗಳು ವಿಂಟರ್ ಟೈರಿಗೆ ಪ್ರತ್ಯೇಕ ಶುಲ್ಕ ವಿಧಿಸುತ್ತವೆ. ಬುಕಿಂಗ್ ಮಾಡುವಾಗಲೇ ಬರಹದಲ್ಲಿ ಖಚಿತಪಡಿಸಿಕೊಳ್ಳಿ, ಕೀಲಿ ಪಡೆಯುವಾಗ ಬೆಟ್ಟದ ಚಿಹ್ನೆಯನ್ನು ಕಣ್ಣಾರೆ ನೋಡಿ. ಸರಪಳಿ ಬೇಕೆಂದು ನೀಲಿ ಫಲಕ ಹೇಳುವ ಕಡೆ ಅದನ್ನು ತೊಡಿಸದೆ ಮುಂದೆ ಹೋಗುವಂತಿಲ್ಲ, ತೊಡಿಸಿದ ಮೇಲೆ ಗಂಟೆಗೆ 50 ಕಿಲೋಮೀಟರ್ ಮೀರುವಂತಿಲ್ಲ. ಮನೆಯಂಗಳದಲ್ಲಿ ಒಮ್ಮೆ ತೊಡಿಸಿ ನೋಡಿರದವರು ಕತ್ತಲಿನ ಘಾಟಿಯಲ್ಲಿ ಅದನ್ನು ಕಲಿಯಲಾರರು.

ಪ್ರಶ್ನೆ (ಫ್ರಾಂಕ್‌ಫರ್ಟ್‌ನಿಂದ): ಒಂದೂ ಅಪಘಾತ ಮಾಡದಿದ್ದರೂ ವಿಮೆಯ ಕಂತು ಏರುತ್ತಲೇ ಇದೆ. ಪೆಟ್ರೋಲ್, ತೆರಿಗೆ, ಪಾರ್ಕಿಂಗ್ ಎಲ್ಲವೂ ದುಬಾರಿ. ಯಾವ ಖರ್ಚನ್ನು ನಿಜವಾಗಿ ಕಡಿಮೆ ಮಾಡಿಕೊಳ್ಳಬಹುದು?

ಉತ್ತರ: ಮೊದಲು ವಿಮೆಯನ್ನೇ ತೆಗೆದುಕೊಳ್ಳೋಣ, ಏಕೆಂದರೆ ಒಂದು ಸಂಜೆಯ ಕೆಲಸದಿಂದ ಹೆಚ್ಚು ಹಣ ಉಳಿಯುವುದು ಅಲ್ಲಿಯೇ. ನಿಮ್ಮ ಕಂತನ್ನು ನೀವೊಬ್ಬರೇ ನಿರ್ಧರಿಸುವುದಿಲ್ಲ. ಅಪಘಾತವಿಲ್ಲದ ವರ್ಷಗಳ ಲೆಕ್ಕದ ಜೊತೆಗೆ, ನಿಮ್ಮದೇ ಮಾದರಿಯ ಕಾರುಗಳು ದೇಶದಾದ್ಯಂತ ಎಷ್ಟು ನಷ್ಟ ತಂದವು, ನೀವು ನೋಂದಾಯಿಸಿರುವ ಜಿಲ್ಲೆಯಲ್ಲಿ ಎಷ್ಟು ಅಪಘಾತ, ಕಳವು, ಆಲಿಕಲ್ಲು ಮಳೆ ಆಯಿತು ಎಂಬುದೂ ಸೇರುತ್ತದೆ. ಇದರ ಮೇಲೆ ರಿಪೇರಿಯ ಬೆಲೆ. ಇಂದಿನ ಬಂಪರಿನೊಳಗೆ ಸೆನ್ಸರುಗಳಿವೆ, ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇದೆ. ಗಾಜು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು. ಬಂಪರ್, ದೀಪ, ಬಾನೆಟ್‌ಗಳಂಥ ಹೊರಗೆ ಕಾಣುವ ಭಾಗಗಳ ವಿನ್ಯಾಸದ ಹಕ್ಕು ಬಹುಕಾಲ ತಯಾರಕರ ಕೈಯಲ್ಲೇ ಇತ್ತು. ಇತರರೂ ಅವನ್ನು ಬಿಡಿಭಾಗಗಳಾಗಿ ತಯಾರಿಸಿ ಮಾರಲು ಅವಕಾಶ ಕೊಡುವ ತಿದ್ದುಪಡಿ 2020ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದಿತಾದರೂ, ಅದು ಆ ಬಳಿಕ ನೋಂದಾಯಿಸಿದ ವಿನ್ಯಾಸಗಳಿಗೆ ಮಾತ್ರ ಅನ್ವಯಿಸುತ್ತದೆ. ಹಳೆಯ ಮಾದರಿಗಳ ಬಿಡಿಭಾಗ ಬೇಗ ಅಗ್ಗವಾಗದಿರುವುದಕ್ಕೆ ಇದೂ ಒಂದು ಕಾರಣ. 2023ರಲ್ಲಿ ಜರ್ಮನಿಯ ವಾಹನ ವಿಮೆ ವಿಭಾಗವು ಸಂಗ್ರಹಿಸಿದ ಕಂತಿಗಿಂತ ಹೆಚ್ಚು ಖರ್ಚು ಮಾಡಿ ನಷ್ಟ ಅನುಭವಿಸಿತು. ಆ ಹೊರೆಯನ್ನು ನಂತರದ ವರ್ಷಗಳಲ್ಲಿ ಗ್ರಾಹಕರೇ ಹೊರುತ್ತಿದ್ದಾರೆ.

ವಿಮಾ ವರ್ಷ ಡಿಸೆಂಬರ್ 31ಕ್ಕೆ ಮುಗಿಯುವ ಹೆಚ್ಚಿನ ಪಾಲಿಸಿಗಳಲ್ಲಿ, ರದ್ದತಿಯ ಪತ್ರ ನವೆಂಬರ್ 30ರೊಳಗೆ ಕಂಪನಿಯ ಕೈ ಸೇರಬೇಕು. ಕಂತು ಏರಿಸಿದ ಪತ್ರ ಆಮೇಲೆ ಬಂದರೆ, ಅದು ತಲುಪಿದ ಒಂದು ತಿಂಗಳೊಳಗೆ ವಿಶೇಷ ಹಕ್ಕಿನ ಮೇಲೆ ಬಿಡಬಹುದು. ಇಲ್ಲೊಂದು ಸೂಕ್ಷ್ಮವಿದೆ. ಅಪಘಾತವಿಲ್ಲದ ಇನ್ನೊಂದು ವರ್ಷದಿಂದ ನಿಮಗೆ ಸಿಗಬೇಕಾದ ರಿಯಾಯಿತಿಯನ್ನು ದರ ಏರಿಕೆ ನುಂಗಿಹಾಕಿ, ಬಿಲ್ಲಿನ ಮೊತ್ತ ಕಳೆದ ವರ್ಷದಷ್ಟೇ ಕಾಣಬಹುದು. ಅದೂ ಏರಿಕೆಯೇ, ಆಗಲೂ ಆ ಹಕ್ಕು ನಿಮಗಿದೆ. ಪತ್ರದಲ್ಲಿ ಕೊಟ್ಟಿರುವ ಹೋಲಿಕೆಯ ಮೊತ್ತವನ್ನು ನೋಡಿ. ಹೊಸ ಕಂಪನಿಯ ಒಪ್ಪಿಗೆ ಕೈಗೆ ಬರುವ ಮುನ್ನ ಹಳೆಯದನ್ನು ಬಿಡಬೇಡಿ: ಮೂರನೆಯವರ ನಷ್ಟ ಭರಿಸುವ ವಿಮೆಗೆ ಅವರು ನಿಮ್ಮನ್ನು ಸಾಮಾನ್ಯವಾಗಿ ನಿರಾಕರಿಸಲಾರರು, ಆದರೆ ನಿಮ್ಮ ಕಾರಿನ ನಷ್ಟದ ವಿಮೆಗೆ ನಿರಾಕರಿಸಬಹುದು. ಕಂಪನಿ ಬದಲಿಸಲು ಮನಸ್ಸಿಲ್ಲದವರು ವರ್ಷಕ್ಕೆ ಓಡಿಸುವ ಕಿಲೋಮೀಟರ್ ಕಡಿಮೆಯಾಗಿದ್ದರೆ ತಿಳಿಸಲಿ, ತಿಂಗಳ ಕಂತಿನ ಬದಲು ವರ್ಷಕ್ಕೊಮ್ಮೆ ಪಾವತಿಸಲಿ, ಕಾರು ಹಳತಾಗಿದ್ದರೆ ಪೂರ್ಣ ವಿಮೆಯನ್ನು, ಕಳವು, ಆಲಿಕಲ್ಲಿನಂಥ ನಷ್ಟಗಳನ್ನಷ್ಟೇ ಭರಿಸುವ ಭಾಗಶಃ ವಿಮೆಗೆ ಇಳಿಸಲಿ.

ಪೆಟ್ರೋಲಿನಲ್ಲಿ ನಿಮ್ಮ ಕೈಯಲ್ಲಿರುವುದು ಸ್ವಲ್ಪವೇ. ಲೀಟರಿಗೆ 65.45 ಸೆಂಟ್ ಇಂಧನ ತೆರಿಗೆ, ಅದರ ಮೇಲೆ ಇಂಗಾಲದ ಶುಲ್ಕ, ಎಲ್ಲದರ ಮೇಲೆ ಶೇ. 19ರ ಮೌಲ್ಯವರ್ಧಿತ ತೆರಿಗೆ. ಇಂಗಾಲದ ಶುಲ್ಕ 2021ರಲ್ಲಿ ಟನ್ನಿಗೆ 25 ಯೂರೋ ಇದ್ದದ್ದು 2025ರಲ್ಲಿ 55ಕ್ಕೆ ಏರಿತು, ಅಂದರೆ ಲೀಟರ್ ಪೆಟ್ರೋಲಿನಲ್ಲಿ ಸುಮಾರು 15 ಸೆಂಟ್‌ಗೂ ಮಿಕ್ಕಿ ಅದರದೇ ಪಾಲು. ವಾಹನ ತೆರಿಗೆಯನ್ನು ಎಲ್ಲರೂ ಬೈಯುತ್ತಾರಾದರೂ ಅದು ಅಷ್ಟು ದೊಡ್ಡದಲ್ಲ. 1500 ಸಿಸಿ ಎಂಜಿನ್ನಿನ, ಕಿಲೋಮೀಟರಿಗೆ 130 ಗ್ರಾಂ ಇಂಗಾಲದ ಡೈಆಕ್ಸೈಡ್ ಬಿಡುವ, 2021ರ ನಂತರ ಮೊದಲ ನೋಂದಣಿಯಾದ ಪೆಟ್ರೋಲ್ ಕಾರಿಗೆ ಎಂಜಿನ್ ಗಾತ್ರದ ಲೆಕ್ಕದಲ್ಲಿ 30, ಹೊಗೆಯ ಲೆಕ್ಕದಲ್ಲಿ 73, ಒಟ್ಟು ವರ್ಷಕ್ಕೆ 103 ಯೂರೋ. ನಿವಾಸಿಗಳ ಪಾರ್ಕಿಂಗ್ ಪರವಾನಗಿಯ ಏರಿಕೆಗೂ ಕಾರಣವಿದೆ: ವರ್ಷಕ್ಕೆ 30.70 ಯೂರೋ ಮೀರಬಾರದೆಂಬ ದೇಶವ್ಯಾಪಿ ಮಿತಿಯನ್ನು 2020ರಲ್ಲಿ ತೆಗೆದ ಮೇಲೆ ಹಲವು ನಗರಗಳು ತಮ್ಮದೇ ದರ ಹೇರಿವೆ.

ಯಾರೂ ಬಿಲ್ಲು ಕಳಿಸದ ಖರ್ಚೊಂದು ಇದೆಲ್ಲಕ್ಕಿಂತ ಹೆಚ್ಚಿನದು. 24,000 ಯೂರೋಗೆ ಕೊಂಡ ಕಾರು ಆರು ವರ್ಷದ ನಂತರ 12,000ಕ್ಕೆ ಹೋಯಿತೆಂದುಕೊಂಡರೆ, ಅದು ಅಂಗಳದಲ್ಲಿ ಸುಮ್ಮನೆ ನಿಂತಿದ್ದರೂ ತಿಂಗಳಿಗೆ ಸುಮಾರು 167 ಯೂರೋ ಕರಗಿತು. ಪೆಟ್ರೋಲ್ ಬಂಕಿನಲ್ಲಿ ಎರಡು ಸೆಂಟ್ ಅಗ್ಗವೆಂದು ಊರ ಆಚೆ ಹೋಗುವ ನಾವು, ಕಾರನ್ನು ಇನ್ನೆರಡು ವರ್ಷ ಇಟ್ಟುಕೊಳ್ಳುವುದರಿಂದಲೋ ಮೂರು ವರ್ಷ ಹಳೆಯದನ್ನು ಕೊಳ್ಳುವುದರಿಂದಲೋ ಆಗುವ ಉಳಿತಾಯವನ್ನು ಲೆಕ್ಕ ಹಾಕುವುದಿಲ್ಲ.

ಪ್ರಶ್ನೆ (ಬರ್ಲಿನ್‌ಗೆ ಹೊಸದಾಗಿ ಬಂದ ಓದುಗರಿಂದ): ಬಂದು ನಾಲ್ಕು ತಿಂಗಳಾಯಿತು. ಭಾರತದ ಲೈಸೆನ್ಸ್ ಇದೆ. ಮಗುವಿಗಾಗಿ ಕಾರು ಕೊಳ್ಳೋಣವೆಂದು ಪತ್ನಿ ಹೇಳುತ್ತಿದ್ದಾರೆ. ಈಗಲೇ ಕೊಳ್ಳಬಹುದೇ?

ಉತ್ತರ: ಕಾರಿಗಿಂತ ಮೊದಲು ಲೈಸೆನ್ಸಿನ ಕೆಲಸ ಆರಂಭಿಸಿ. ಇಲ್ಲಿ ವಾಸ ಹೂಡಿದ ದಿನದಿಂದ ಆರು ತಿಂಗಳವರೆಗೆ ಮಾತ್ರ ಭಾರತದ ಲೈಸೆನ್ಸಿನಲ್ಲಿ ಓಡಿಸಬಹುದು; ನಿಮಗೆ ಉಳಿದಿರುವುದು ಎರಡು ತಿಂಗಳು. ಪರೀಕ್ಷೆಯಿಲ್ಲದೆ ಬದಲಿಸಿಕೊಡುವ ದೇಶಗಳ ಪಟ್ಟಿಯಲ್ಲಿ ಭಾರತ ಇಲ್ಲ. ಡ್ರೈವಿಂಗ್ ಶಾಲೆಯಲ್ಲಿ ಇಂತಿಷ್ಟು ತರಗತಿ ಮುಗಿಸಲೇಬೇಕೆಂಬ ಕಡ್ಡಾಯ ನಿಮಗಿಲ್ಲವಾದರೂ ಬರಹದ ಮತ್ತು ಚಾಲನೆಯ ಪರೀಕ್ಷೆಗಳೆರಡನ್ನೂ ಪಾಸು ಮಾಡಬೇಕು, ಚಾಲನೆಯ ಪರೀಕ್ಷೆಗೆ ಶಾಲೆಯ ಮೂಲಕವೇ ಹೋಗಬೇಕು. ಬರಹದ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು. ಕಣ್ಣಿನ ಪರೀಕ್ಷೆ, ಪ್ರಥಮ ಚಿಕಿತ್ಸೆಯ ತರಬೇತಿ, ಲೈಸೆನ್ಸಿನ ಜರ್ಮನ್ ಅನುವಾದ ಇವೆಲ್ಲ ಬೇಕಾಗುವುದರಿಂದ ತಿಂಗಳುಗಳೇ ಹಿಡಿಯಬಹುದು. ಅವಧಿ ಮುಗಿದ ಮೇಲೆ ಓಡಿಸಿದರೆ ಅದು ಬರಿಯ ದಂಡದ ವಿಷಯವಲ್ಲ, ಲೈಸೆನ್ಸಿಲ್ಲದೆ ಓಡಿಸಿದ ಕ್ರಿಮಿನಲ್ ಅಪರಾಧ. ವೀಸಾದ ಮೇಲಿರುವವರು ಈ ವಿಷಯದಲ್ಲಿ ಧೈರ್ಯ ತೋರಬಾರದು.

ಕಾರಿನ ಬಗ್ಗೆ ಹೇಳುವುದಾದರೆ, ಬರ್ಲಿನ್‌ನಂಥ ನಗರದಲ್ಲಿ ಮೊದಲ ಚಳಿಗಾಲವನ್ನು ಕಾರಿಲ್ಲದೆ ಕಳೆಯಿರೆಂದೇ ನಮ್ಮ ಸಲಹೆ. ದೇಶದ ಎಲ್ಲ ಸ್ಥಳೀಯ ರೈಲು, ಬಸ್ಸು, ಟ್ರಾಮ್‌ಗಳಿಗೂ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾಗಿ, 2025ರಲ್ಲಿ 58, 2026ರ ಜನವರಿಯಿಂದ 63 ಯೂರೋ ಆಗಿದೆ. ಅದೂ ಏರಿದೆ, ನಿಜ. ಆದರೂ ಇಬ್ಬರಿಗೆ ಸೇರಿ ತಿಂಗಳಿಗೆ 126 ಯೂರೋ, ಮೇಲೆ ಹೇಳಿದ ಕಾರಿನ ಬೆಲೆಯ ಕರಗುವಿಕೆಗಿಂತಲೂ ಕಡಿಮೆ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ಕೆಲಸಕ್ಕೆ ಹೋಗಿಬರುವ ದೂರಕ್ಕೆ ಆದಾಯ ತೆರಿಗೆಯಲ್ಲಿ ಸಿಗುವ ಕಡಿತವೂ, 2026ರಿಂದ ಮೊದಲ ಕಿಲೋಮೀಟರಿನಿಂದಲೇ 38 ಸೆಂಟ್ ಆಗಿದ್ದು, ಕಾರಿನವರಿಗೆ ಮಾತ್ರ ಸೀಮಿತವಲ್ಲ. ಮಗುವಿನ ಆಸ್ಪತ್ರೆ, ವಾರಾಂತ್ಯದ ಸಾಮಾನು ಇಂಥವಕ್ಕೆ ಗಂಟೆಯ ಲೆಕ್ಕದ ಕಾರುಗಳಿವೆ, ಆದರೆ ಅವುಗಳಿಗೂ ಮಾನ್ಯ ಲೈಸೆನ್ಸ್ ಬೇಕು, ಮಗುವಿನ ಸೀಟನ್ನು ನೀವೇ ಒಯ್ಯಬೇಕಾದೀತು. ಲೈಸೆನ್ಸ್ ಕೈಗೆ ಬಂದ ಮೇಲೂ ಕಾರು ಬೇಕೆನಿಸಿದರೆ, ಕೊಳ್ಳುವ ಮೊದಲು ಆ ಮಾದರಿಗೆ ವಿಮೆಯ ಕಂತು ಎಷ್ಟಾಗುತ್ತದೆಂದು ವಿಚಾರಿಸಿ, ಮತ್ತು ಮಾರುವವರ ಬಳಿ ವಿಂಟರ್ ಟೈರುಗಳ ಸೆಟ್ ಇದೆಯೇ ಎಂದು ಕೇಳಿ. ಇದ್ದರೆ ಅವುಗಳ ವಯಸ್ಸನ್ನು ನೋಡಿ ಬೆಲೆ ಮಾತಾಡಿ. ಇಲ್ಲದಿದ್ದರೆ ನಾಲ್ಕು ಹೊಸ ಟೈರುಗಳ ಹಣವನ್ನು ಕಾರಿನ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಿ.