ಮಾರಿದ ಪಾಲು ಯಾರ ಕೈ ಸೇರುತ್ತದೆ?

(ಮಂಡ್ಯದ ನಿವೃತ್ತ ಮೇಷ್ಟ್ರೊಬ್ಬರ ಪತ್ರದ ಸಾರ: "ಗಾಜಾ, ಸುಡಾನ್ ಮಕ್ಕಳ ಚಿತ್ರ ನೋಡಿದ ರಾತ್ರಿ ನಿದ್ದೆ ಬರುವುದಿಲ್ಲ. ಪಿಂಚಣಿಯಲ್ಲಿ ಉಳಿಸಿ ತಿಂಗಳಿಗೆ 3,000 ರೂಪಾಯಿ ಮ್ಯೂಚುವಲ್ ಫಂಡಿಗೆ ಕಟ್ಟುತ್ತೇನೆ. ಅದನ್ನು ವಾಪಸ್ ತೆಗೆದರೆ ಅಲ್ಲಿ ಏನಾದರೂ ಬದಲಾದೀತೆ?")

ಮೇಷ್ಟ್ರೇ, ಸುಮ್ಮನೆ ತೆಗೆದರೆ ಬದಲಾಗುವುದಿಲ್ಲ. ಕಾರ್ಖಾನೆಗೆ ಹೋಗದ ಕಬ್ಬು ಆಲೆಮನೆಗೆ ಹೋಗುತ್ತದೆ. ಷೇರೂ ಹಾಗೆಯೇ.

ನಮ್ಮ ದೇಶದ್ದೇ ಉದಾಹರಣೆ ಇದೆ. ಸುಡಾನ್‌ನ ತೈಲ ಪ್ರದೇಶಗಳಿಂದ ಸೇನೆ ಜನರನ್ನು ಒಕ್ಕಲೆಬ್ಬಿಸುತ್ತಿದ್ದಾಗ ಅಲ್ಲಿ ತೈಲ ತೆಗೆಯುತ್ತಿದ್ದ ಕೆನಡಾದ ಟಾಲಿಸ್ಮನ್ ಕಂಪನಿಯ ಮೇಲೆ ಹೂಡಿಕೆದಾರರ, ಚರ್ಚುಗಳ ಒತ್ತಡ ಬಿತ್ತು. 2003ರಲ್ಲಿ ಅದು ಅಲ್ಲಿಯ ತೈಲ ಯೋಜನೆಯಲ್ಲಿದ್ದ ತನ್ನ 25% ಪಾಲು ಮಾರಿ ಹೊರಬಂತು. ಕೊಂಡದ್ದು ನಮ್ಮ ಸರ್ಕಾರಿ ಸ್ವಾಮ್ಯದ ತೈಲ ಕಂಪನಿ ಒಎನ್‌ಜಿಸಿ ವಿದೇಶ್. ತೈಲ ಹರಿಯುತ್ತಲೇ ಇತ್ತು. ಅದೇ ವರ್ಷ ಸುಡಾನ್‌ನ ಪಶ್ಚಿಮದ ಡಾರ್ಫರ್ ಪ್ರದೇಶ ಯುದ್ಧದಲ್ಲಿ ಹೊತ್ತಿ ಉರಿಯಿತು. ಜನಾಂಗ ತಾರತಮ್ಯ ಖಂಡಿಸಿ 1946ರಲ್ಲೇ ದಕ್ಷಿಣ ಆಫ್ರಿಕಾದೊಂದಿಗೆ ವ್ಯಾಪಾರ ನಿಲ್ಲಿಸಿದ ದೇಶ ನಮ್ಮದು ಎಂಬುದು ನೆನಪಾದಾಗಲೆಲ್ಲ ನನಗೆ ಇದು ಚುಚ್ಚುತ್ತದೆ.

ಆ ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರಕ್ಕೆ ಪೆಟ್ಟು ಬಿದ್ದದ್ದು ಸಾಲದ ಬಾಗಿಲಲ್ಲಿ. ವಿದ್ಯಾರ್ಥಿಗಳು, ಠೇವಣಿದಾರರು ಸಾಲ ಕೊಡುವ ಬ್ಯಾಂಕುಗಳ ಬೆನ್ನು ವರ್ಷಗಟ್ಟಲೆ ಬಿದ್ದಿದ್ದರು. ದೇಶದೊಳಗೆ ಜನ ದಂಗೆ ಎದ್ದಿದ್ದರು. 1985ರಲ್ಲಿ ಅಮೆರಿಕದ ಚೇಸ್ ಮ್ಯಾನ್‌ಹ್ಯಾಟನ್ ಬ್ಯಾಂಕು ಅಲ್ಪಾವಧಿ ಸಾಲ ನವೀಕರಿಸಲು ಒಪ್ಪಲಿಲ್ಲ, ಉಳಿದವೂ ಹಿಂಬಾಲಿಸಿದವು, ಸರ್ಕಾರ ಸಾಲ ಮರುಪಾವತಿಯನ್ನೇ ತಡೆಹಿಡಿಯಬೇಕಾಯಿತು. ಬೆಳೆಸಾಲ ನವೀಕರಣವಾಗದಿದ್ದರೆ ಏನಾಗುತ್ತದೆಂದು ಮಂಡ್ಯದವರಿಗೆ ನಾನು ಹೇಳಬೇಕಿಲ್ಲ.

ಹಾಗಾಗಿ, ತೆಗೆಯುವುದಾದರೆ ಕಾರಣ ಹೇಳಿ ತೆಗೆಯಿರಿ. 2021ರಲ್ಲಿ ನಾರ್ವೆಯ ಕೆಎಲ್‌ಪಿ ಪಿಂಚಣಿ ನಿಧಿ ಅದಾನಿ ಪೋರ್ಟ್ಸ್ ಷೇರು ಮಾರಿದಾಗ, ಮ್ಯಾನ್ಮಾರ್ ಸೇನೆಯೊಂದಿಗಿನ ವ್ಯವಹಾರವೇ ಕಾರಣವೆಂದು ಬಹಿರಂಗವಾಗಿ ಹೇಳಿತು. ಅಮೆರಿಕದ ನಿರ್ಬಂಧಗಳ ಭಯವೂ ಸೇರಿ, ಕಂಪನಿ 2023ರಲ್ಲಿ ಅಲ್ಲಿಯ ಬಂದರನ್ನು ಮಾರಿತು.

ಒಂದು ಮಾತು ಮುಚ್ಚಿಡಲಾರೆ. ಇದು ನಿಧಾನದ ದಾರಿ. ಇವತ್ತು ಹಸಿದಿರುವ ಮಗುವಿಗೆ ಇದರಿಂದ ಅನ್ನ ಸಿಗದು. ಅದಕ್ಕೆ ಪರಿಹಾರ ಸಂಸ್ಥೆಗಳಿಗೆ ಕೊಡುವ ದುಡ್ಡೇ ಬೇಕು, ಕದನವಿರಾಮವೇ ಬೇಕು.

ಮೊದಲು ನಿಮ್ಮ ಫಂಡಿನ ವೆಬ್‌ಸೈಟಿನಲ್ಲಿ ತಿಂಗಳ ಪೋರ್ಟ್‌ಫೋಲಿಯೊ ಪಟ್ಟಿ ನೋಡಿ. ಯಾವ ಕಂಪನಿಗಳಲ್ಲಿ ದುಡ್ಡಿದೆ ಎಂದು ಪ್ರಕಟಿಸಲೇಬೇಕು ಎನ್ನುವುದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮ. ಅನುಮಾನ ಬಂದ ಹೆಸರನ್ನು ಬರೆದು, "ಯುದ್ಧದಲ್ಲಿರುವ ಸೇನೆಗೆ ಇವರು ಏನಾದರೂ ಮಾರುತ್ತಾರೆಯೇ?" ಎಂದು ಫಂಡಿನವರಿಗೆ ಪತ್ರ ಹಾಕಿ. ಇಂಡೆಕ್ಸ್ ಫಂಡಾದರೆ (ಷೇರುಪೇಟೆ ಸೂಚ್ಯಂಕದಲ್ಲಿರುವ ಕಂಪನಿಗಳನ್ನೆಲ್ಲ ಕೊಳ್ಳುವ ಫಂಡು) ಒಂದೇ ಕಂಪನಿಯನ್ನು ಕೈಬಿಡಲು ಅವರಿಗೂ ಆಗದು, ಆಗ ಬೇರೆ ಫಂಡು ಹುಡುಕಬೇಕು. ಪತ್ರದ ಪ್ರತಿಯೊಂದನ್ನು ಮೈಸೂರಿನ ನಮ್ಮ ಕಚೇರಿಗೂ ಕಳಿಸಿ. ಈ ವಾರ ನಾನೂ ನನ್ನ ಫಂಡಿನವರಿಗೆ ಬರೆಯುತ್ತಿದ್ದೇನೆ. ಬಂದ ಉತ್ತರಗಳನ್ನು ಒಟ್ಟಿಗೇ ಅಚ್ಚು ಹಾಕೋಣ.

— ಸಂಪಾದಕ